ಹಗ್ಗದ ಗುಂಡಿ

ಕಾರವಾರದ ಎಲೆಕ್ಟ್ರಾನಿಕ್ಸ್ ಮೇಳ, ಮೂರನೆಯ ದಿನ.
ನನಗೆ ದಿನಕ್ಕೆ ಆರುನೂರು, ಕಂಪನಿಯ ಟೀಶರ್ಟು,
ಒಂದೇ ಮಾತು: ಆಡಿ ನೋಡಿ ಸರ್.

ಮೀನುಗಾರಿಕೆ ಬಂದ್ ಇರುವ ತಿಂಗಳು.
ಬೈತಖೋಲದ ತಾಂಡೇಲ ಉಮಾಕಾಂತ ಹರಿಕಂತ್ರರು
ಮೊಮ್ಮಗನ ಸರದಿಗೆ ತಾವೇ ಕೂತರು.

ತೆರೆಯ ತುಂಬ ತೆರೆ.
ಬಂಗಾರದ ನಾಣ್ಯ ತೇಲಿಬಂದವು; ಬಿಟ್ಟರು.
"ಅತ್ತ ಹೋದ್ರೆ ಅಂಕ" ಎಂದೆ.
"ಅತ್ತ ಬಂಡೆ ಇರ್ತದೆ."
ಇರಲಿಲ್ಲ. ಬಂಡೆ ಬರುವುದು ಐದನೆಯ ಹಂತಕ್ಕೆ.

ಮೂತಿಯನ್ನು ಅಲೆಗೆ ಎದುರು ಹಿಡಿದು
ನಿಧಾನ, ನಿಧಾನ
ಹೊರಟ ಜಾಗಕ್ಕೇ ದೋಣಿ ತಂದರು.
ಅಂಕ ಸೊನ್ನೆ. ಹಿಂದೆ ನಗು.

"ಹಗ್ಗ ಕಟ್ಟುವ ಗುಂಡಿ ಯಾವ್ದು, ತಂಗೀ?"

ಹದಿನಾಲ್ಕು ಗುಂಡಿ, ಎಲ್ಲ ನನಗೆ ಬಾಯಿಪಾಠ:
ಹಾರಲಿಕ್ಕೆ, ಗುಂಡು ಹೊಡೆಯಲಿಕ್ಕೆ...
ಮುಂದಿನ ಹುಡುಗ ಕೈಚಾಚಿದ. ಅವರು ಕೊಡಲಿಲ್ಲ.
ಸರಿಯತೊಡಗಿದ ದೋಣಿಯ ಮೇಲೆ ಕಣ್ಣಿಟ್ಟು
ಕೂತೇ ಇದ್ದರು,
ನಾನು ಹುಡುಕಿ ಹೇಳುವೆನೆಂದು.