ನಿಂತ ರಸ್ತೆಯ ವ್ಯಾಪಾರ

ನಿಂತರೆ ಸಂತೆ, ಹರಿದರೆ ಬರಿಯ ಟಾರು.
ಲಾಗೋಸಿನ ಕೇಟು ಸೇತುವೆಯ ಕೆಳಗೆ
ಹನ್ನೊಂದು ವರ್ಷದಿಂದ ಇಬಿರೋಂಕೆಗೆ ಗೊತ್ತಿರುವ
ಅರ್ಥಶಾಸ್ತ್ರ ಇಷ್ಟೇ.

ತಲೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಬಾಳೆಕಾಯಿ ಚಿಪ್ಸು,
ಕೈಯಲ್ಲಿ ನೀರಿನ ಪೊಟ್ಟಣ, ಅವಳಿಗಿಂತ ಮೊದಲು ಬೆವರುವುದು ಅದೇ.
ಹಳದಿ ಡ್ಯಾನ್‌ಫೋ ಬಸ್ಸುಗಳು
ಬಾಲಕ್ಕೆ ಮೂಗು ತಾಗಿಸಿ ನಿಂತಾಗ
ಕಿಟಕಿಯಿಂದ ಕಿಟಕಿಗೆ ಓಟ;
ಚಿಲ್ಲರೆ ಎಣಿಸುವಷ್ಟರಲ್ಲಿ ಸಾಲು ಹತ್ತು ಹೆಜ್ಜೆ ಸರಿದರೆ
ಹತ್ತು ಹೆಜ್ಜೆ ಶಾಪ.

ಮನೆಯಲ್ಲಿ ಅಯಿಂಡೆ, ಏಳು ವರ್ಷ.
ರಾತ್ರಿಯ ಕೆಮ್ಮಿಗೆ ಅದರದೇ ಗೇರು:
ಮೊದಲು ಎಳೆಯುತ್ತದೆ, ಆಮೇಲೆ ಏರುತ್ತದೆ,
ಗೋಡೆಯಾಚೆ ನೆರೆಯವರ ಜನರೇಟರು ದನಿಗೂಡಿಸುತ್ತದೆ.

ಒಂದು ಬೆಳಿಗ್ಗೆ ಬಂಕಿನ ಹಲಗೆಯಲ್ಲಿ ಅಂಕಿ ಬದಲಾಯಿತು.
ಕೊನೆಗೊಂದು ಸೊನ್ನೆ ಸೇರಿಸಲಿಲ್ಲವಲ್ಲ, ಅದೇ ಪುಣ್ಯ, ಎಂದ ಲಸೀಸಿ;
ಬಸ್ಸನ್ನು ಮಸೀದಿಯ ಗೋಡೆ ಪಕ್ಕ ನಿಲ್ಲಿಸಿ
ಸ್ಟೇರಿಂಗಿಗೆ ಟವೆಲು ಹೊದಿಸಿ
ಅದರ ನೆರಳಲ್ಲೇ ಬಾಟಲಿ ಮುಚ್ಚಳಗಳ ಆಟಕ್ಕೆ ಕೂತ.

ಟಿವಿಯಲ್ಲಿ ಕೋಟಿನವರು ಹೇಳಿದರು:
ನೋಡಿ, ರಸ್ತೆ ಉಸಿರಾಡುತ್ತಿದೆ.
ಸುಳ್ಳಲ್ಲ, ಉಸಿರಾಡಿತು.
ದೊಡ್ಡ ಕಾರುಗಳು ಗಾಜು ಏರಿಸಿಕೊಂಡು
ಬೆಲೆ ಕೇಳದೆ ಹಾದುಹೋದವು.
ಗಾಜು ಏರಿಸಿದವರು ಚಿಪ್ಸು ಕೊಳ್ಳುವುದಿಲ್ಲ.
ಉಳಿದವರು?
ಅಂಚಿನಲ್ಲಿ ನಡೆಯುತ್ತಿದ್ದರು:
ಚಪ್ಪಲಿ ಕೈಯಲ್ಲಿ ಹಿಡಿದ ಗುಮಾಸ್ತೆ,
ಹೊಲಿಗೆ ಯಂತ್ರ ಹೊತ್ತ ದರ್ಜಿ,
ಇಕೊರೊಡುವಿನ ಕಡೆಯಿಂದ ಬಂದ ಬಸುರಿ.
ಕೋಟಿನವರ ಲೆಕ್ಕದಲ್ಲಿ ಕಡಿಮೆಯಾದ ಹೊಗೆ
ಎಂದರೆ ಇವರೇ.

ತಟ್ಟೆ ಹೋದ ಹಾಗೇ ಮರಳಿತು. ಮೂರು ದಿನ, ನಾಲ್ಕು ದಿನ.
ಐದನೆಯ ರಾತ್ರಿ ನೀರಲ್ಲಿ ನೆನೆಸಿದ ಗಾರಿ, ಸಕ್ಕರೆಯಿಲ್ಲದೆ.
ನೆರೆಯವರ ಜನರೇಟರೂ ಉಪವಾಸ.
ಕತ್ತಲಲ್ಲಿ ಎಲ್ಲಿಂದಲೋ ಕಪ್ಪೆ,
ಎಷ್ಟು ವರ್ಷದ ಮೇಲೆ, ಕಪ್ಪೆ!
ಅವಳು ಬೆಚ್ಚಿ ಎದ್ದಳು.
ಏನೋ ಇಲ್ಲ. ಏನದು?
ಕೆಮ್ಮು.

ಮಗನ ಎದೆಗೆ ಕಿವಿಯಿಟ್ಟಳು:
ನಡುರಾತ್ರಿಯ ಹೆದ್ದಾರಿಯಂಥ ಉಸಿರು,
ತಡೆಯಿಲ್ಲ, ಹಾರ್ನಿಲ್ಲ.
ಹೊಟ್ಟೆ ಮಾತ್ರ ಗುರುಗುಟ್ಟಿತು, ಅವನದೋ ತನ್ನದೋ.

ಬೆಲೆ ಇಳಿಯಲಿ ಎಂದು ಬೇಡಿದರೆ
ಈ ಎದೆ ಕೇಳಿಸಿಕೊಂಡೀತು;
ಇಳಿಯದಿರಲಿ ಎಂದರೆ, ಮೂಲೆಗೆ ಒರಗಿದ ತಟ್ಟೆ.
ಬೇಡದೆ ಮಲಗಿದಳು.

ಮಳೆಗಾಲ ಕಳೆಯುವುದರೊಳಗೆ ಜನ ಬೆಲೆಗೆ ಒಗ್ಗಿದರು;
ಜನ ಯಾವುದಕ್ಕೆ ತಾನೇ ಒಗ್ಗಲಿಲ್ಲ?
ಟವೆಲು ಕೊಡವಿ ಎದ್ದ ಲಸೀಸಿ,
ಟಿಕೀಟು ಎರಡು ಪಟ್ಟು, ಮೂವರ ಸೀಟಿಗೆ ಐವರು.
ಸೇತುವೆಯ ಕೆಳಗೆ ಮತ್ತೆ ಬಾಲಕ್ಕೆ ಮೂಗು.
ತಣ್ಣೀರು, ತಣ್ಣೀರು ಎನ್ನುತ್ತ ಓಡುವವಳು
ಎರಡು ಬಸ್ಸಿನ ನಡುವೆ ತಡೆದು ನಿಂತು
ಕೆಮ್ಮಿದಳು.

ಕಿಟಕಿಯೊಂದು ಕೈಚಾಚಿ ಕೇಳಿತು:
ಎಷ್ಟು?