ಐದನೇ ಪೆಟ್ಟು

ಫೋನ್ ಭಾಗ್ಯಾಂದು. ಅಕಿ ಮಲಗ್ಯಾಳ, ನನಗ ನಿದ್ದಿಲ್ಲ.
ಶಹಾಬಜಾರ ನಾಕಾದ ಕಡೀ ಲಾರಿ ಹೋದ ಮ್ಯಾಲ
ಗ್ವಾಡಿ ಕಡಿ ಮಕ ಮಾಡಿ, ಚಾದರದಾಗ ಬೆಳಕು ಮುಚ್ಚಿ
ಆಟ ತೆಗೀತೀನಿ.

ನಾಕು ದಾರಿ. ಮ್ಯಾಲಿಂದ ಬಾಣ ಬೀಳ್ತಾವ,
ಮೊದಲ ಒಂದೊಂದು, ಆಮ್ಯಾಗ ಆಣಿಕಲ್ಲು.
ಅವು ಗೆರಿಗೆ ತಾಕೂದಕ್ಕೂ ನಾ ತಟ್ಟೂದಕ್ಕೂ
ಕೂದಲೆಳಿ ಅಂತರ ಇರಬಾರದು.
ತಟ್ಟಿದ್ರ, ಹಿಂದಿನ ಬೊಂಬಿ, ಬೆಳ್ಳಿ ಬೂಟಿನಾಕಿ,
ಸೊಂಟ ತಿರುವಿ ಕುಣೀತಾಳ.
ತಪ್ಪಿದ್ರ ಮುಗ್ಗರಿಸಿ ನನ್ನ ಕಡಿ ನೋಡ್ತಾಳ.
ನೋಡಬಾರದ್ರಿ ಹಂಗ.
ಇಪ್ಪತ್ತೆರಡು ವರ್ಷದಾಗ, ತಪ್ಪು ಮಾಡಿದಾಗ,
ನನ್ನ ಯಾರೂ ಅಷ್ಟು ಮೆತ್ತಗ ನೋಡಿಲ್ಲ.

ಮೊದಲ ದಿನ ಒಂದೂ ಬಾಣ ಹಿಡೀಲಿಲ್ಲ.
ಮಿಸ್, ಮಿಸ್, ಮಿಸ್, ಕೆಂಪಕ್ಷರ.
ತಟ್ಟಿದ್ದು ಖರೆ, ವ್ಯಾಳ್ಯಾಕ್ಕಾ ತಟ್ಟೀನಿ,
ಫೋನಿಗೆ ನನ್ನ ಬೆರಳು ಗೊತ್ತಾಗಲಿಲ್ಲ ಅಷ್ಟ.
ರೇಷನ್ ಅಂಗಡ್ಯಾಗೂ ಇದಾ ಹಣೇಬರಹ:
ಹೆಬ್ಬಟ್ಟು ಒತ್ತು, ಒರಸು, ಮತ್ತ ಒತ್ತು,
ಮಷಿನ್ ಅಂತದ, ಇಂಥಾಕಿ ಯಾರೂ ಇಲ್ಲ.
ಗೆರಿ ಎಲ್ಲಾ ಹಂಚು ತಿಂದದ. ದಿನಕ್ಕ ಮುನ್ನೂರು ರೊಟ್ಟಿ.

"ಉಗುಳು ಹಚ್ಚು ಯವ್ವಾ" ಅಂದ್ಳು ಭಾಗ್ಯಾ, ನಗಕೋತ.
ಥೂ, ಉಗುಳು ಯಾಕ?
ರೊಟ್ಟಿ ಮ್ಯಾಲ ನೀರು ಸವರೂ ಅರಿವಿ ತುಣುಕು ತಂದು
ತೆಲಿದಿಂಬಿನ ಬಾಜೂಕ ಇಟಗೊಂಡೆ.
ಬೆರಳು ತೊಯ್ಸಿ ತಟ್ಟಿದೆ. ಹಿಡೀತು.

ಹಿಡೀತು ನೋಡ್ರಿ, ಆಮ್ಯಾಗ ಬಿಡಲಿಲ್ಲ.
ಪೆಟ್ಟು ಎಲ್ಲಿ ಬೀಳಬೇಕಂತ
ಕಣ್ಣಿಗಿಂತ ಮೊದಲ ಅಂಗೈಗೆ ತಿಳೀತದ.
ತಟ್ಟು, ತಟ್ಟು, ತಟ್ಟು, ತಿರುವು.
ಇದನ್ನ ನನಗ ಯಾರೂ ಹೇಳಿಕೊಡಬ್ಯಾಡ್ರಿ.
ಭಾಗ್ಯಾನ ಕ್ಲಾಸಿನ ಹುಡುಗೂರು ಎಂಟನೇ ಹಂತದಾಗ ಕುಂತಾವ,
ನಾ ಹನ್ನೊಂದು ದಾಟೀನಿ, ಅಕಿ ಹೆಸರಿನ್ಯಾಗ.
ಅಕಿ ಸಾಲ್ಯಾಗ ಮೆರೀಲತಾಳ. ಮೆರೀಲಿ.

ಹನ್ನೆರಡನೇದು ಬ್ಯಾರೆ.
ಯಾವ ದೇಶದ ಹಾಡೋ ಏನೋ, ನಾಕರ ಮ್ಯಾಲ ಇನ್ನೊಂದು ಪೆಟ್ಟದ,
ಮೆಟ್ಟಲ ಮುಗೀತಂತ ತಿಳದು ಕಾಲಿಟ್ರ
ಇನ್ನೊಂದು ಇರ್ತದಲ್ಲ, ಹಂಗ.
ಮೂರು ರಾತ್ರಿ ಬೊಂಬಿ ಬಿದ್ಲು.
ನಾಕನೇ ರಾತ್ರಿ ಬ್ಯಾಟರಿ ಮೂರು ಪರ್ಸೆಂಟ್ ಇತ್ತು.
ಕಣ್ಣು ಮುಚ್ಚಿದೆ.
ಚಾದರದಾಗ ಕಾಲಿನ ಹೆಬ್ಬೆರಳೂ ಕುಣೀಲತಿತ್ತು,
ನನ್ನ ಕೇಳದಾ.
ಕಣ್ಣು ತೆಗದ್ರ ಫೋನ್ ಕರ್ರಗಾಗಿತ್ತು.
ಬೊಂಬಿ ಬಿದ್ಲೋ, ಪೂರಾ ಕುಣಿದ್ಳೋ, ಹ್ಯಾಂಗ ಹೇಳ್ಲಿ.

ಮುಂಜಾನಿ ಕೇಂದ್ರದಾಗ ಆರು ಒಲಿ ಹತ್ತಿದ್ವು.
ಬಾಜೂಕ ಮಹಬೂಬಿ. ಬಡಿಯೂದು ಬಿಟ್ಟು ತೆಲಿ ಎತ್ತಿದ್ಳು:
"ಏನಾಗ್ಯಾದ ನಿನಗ? ಒಂದು ಹೆಚ್ಚಿಗಿ ಬೀಳ್ಲತದ."
ಖರೆ, ರೊಟ್ಟಿ ಒಂದು ಕಡಿ ಮೂತಿ ಚಾಚಿತ್ತು,
ಯಾರನ್ನೋ ಕರೀಲತದ ಅನ್ನೂವಂಗ.
ಪಾಕೀಟ ಕಟ್ಟೂವಾಗ ಕಾಶೀಬಾಯಿ ಅದನ್ನ ತೆಗದಿಟ್ಳು:
"ಇದು ಹನ್ನೆರಡರಾಗ ಕೂಡಂಗಿಲ್ಲ, ಪಗಾರದಾಗ ಮುರೀತೀನಿ."
ಮುರಿ ಅಂದೆ.

ಮಧ್ಯಾಹ್ನ ಅದನ್ನಾ ಶೇಂಗಾ ಹಿಂಡಿ ಹಚಗೊಂಡು ತಿಂದೆ,
ಮೂತಿ ಕಡಿಂದ ಸುರು ಮಾಡಿ.
ಮಹಬೂಬಿ ತೊಡಿ ಮ್ಯಾಲ ಸಣ್ಣಗ ತಟ್ಟಿ ನೋಡ್ಲತಿದ್ಳು.
ಐದನೇದು ಅಕಿಗಿನ್ನಾ ಸಿಕ್ಕಿಲ್ಲ.