ಎದುರು ಸ್ಟೂಲು

ಮಂಡಿ ಮೊಹಲ್ಲಾದ ಒಂದು ಓಣಿ, ಹಸಿರು ಬಾಗಿಲ ಮನೆ.
ವರ್ಷಕ್ಕೆರಡು ಸಲವಾದರೂ ಹೋಗುತ್ತೇನೆ
ಬಾಕಿ ವಸೂಲಿಗೆ ಬಂದವನ ಹಾಗೆ,
ಚಪ್ಪಲಿ ಬಿಡುವ ಮೊದಲೇ ಕಣ್ಣು ಒಳಗೆ.

ಅಲ್ಲಿದೆ ಅದು.
ಮೊಣಕಾಲೆತ್ತರದ ಪೆಟ್ಟಿಗೆ, ಮೇಲೆ ದಪ್ಪ ಗಾಜು,
ಗಾಜಿನಡಿ ಸತ್ತ ಪರದೆ,
ಆಚೆಗೊಂದು ಈಚೆಗೊಂದು ಹಿಡಿ, ಸವೆದ ಗುಂಡಿ.
ಗಾಜಿನ ಮೇಲೆ ಖುರ್ಷಿದಾ ಊದುಬತ್ತಿ ಹೊಸೆಯುತ್ತಾಳೆ.
ಇದ್ದಿಲಪುಡಿ, ಜಿಗಟು, ಗಂಧದ ಘಾಟು.
ಒಂದು ಕಾಲಕ್ಕೆ ನಕ್ಷತ್ರಗಳಿದ್ದ ಜಾಗ
ಈಗಲೂ ಕಪ್ಪೇ.

ದಸರಾ ವಸ್ತುಪ್ರದರ್ಶನದಲ್ಲಿ ಹಪ್ಪಳದಂಗಡಿಯ ಪಕ್ಕ
ಇವಳ ಅಪ್ಪ ಬಾಬಾಜಾನ್ ಸಾಹೇಬರ ತಗಡಿನ ಮಳಿಗೆ.
ಎಂಟಾಣೆಗೆ ಮೂರು ಜೀವ.
ಒಂದು ಹೋದರೆ ಇನ್ನೊಂದಿದೆ ಎಂದು
ನನಗೆ ಮೊದಲು ಹೇಳಿದ್ದು ಇದೇ ಪೆಟ್ಟಿಗೆ;
ಆಮೇಲೆ ಯಾರೂ ಹೇಳಲಿಲ್ಲ.

ಗ್ಯಾಸ್ ಲೈಟರನ್ನು ಕಾಸಿನ ಕಂಡಿಗೆ ಹಿಡಿದು
ಚಿಟಿಕ್ ಅನ್ನಿಸಿದರೆ ಪುಕ್ಕಟೆ ಆಟ ಬರುತ್ತೆ ಅಂತ
ಪುಟ್ಟಸಿದ್ದ ಕಲಿಸಿದ.
ಅವ್ವನದನ್ನು ಅಂಗಿಯೊಳಗೆ ತುರುಕಿಕೊಂಡು ಹೋದೆ.
ಸಿಕ್ಕಿಬಿದ್ದಾಗ ಸಾಹೇಬರು ಹೊಡೆಯಲಿಲ್ಲ,
ಲೈಟರ್ ಕಿತ್ತುಕೊಂಡು ಸ್ಟೌ ಹಚ್ಚಿ ಟೀಗಿಟ್ಟರು.
ಅವ್ವ ಆ ತಿಂಗಳೆಲ್ಲ ಬೆಂಕಿಪೊಟ್ಟಣ ಗೀರಿದಳು.

ಕರೆಂಟು ಹೋದರೆ ಅಂಕವೆಲ್ಲ ಸೊನ್ನೆ, ನೆನಪಿಟ್ಟುಕೊಳ್ಳುವ
ಬುದ್ಧಿ ಆಗಿನ ಯಂತ್ರಕ್ಕೆ ಇರಲಿಲ್ಲ.
ಹಾಗಾಗಿ ಮೈಸೂರಿಗೇ ಮೊದಲಿಗನಾಗಿದ್ದೆ ನಾನು,
ಒಂದು ಸಂಜೆ, ಆರೂಕಾಲರಿಂದ
ಏಳಕ್ಕೆ ಹತ್ತು ನಿಮಿಷ ಇರುವತನಕ.

ಈಗ ಶಿವರಾಂಪೇಟೆಯಲ್ಲಿ ಟೀವಿ ರಿಪೇರಿ.
ಮೇಜಿನ ಡ್ರಾಯರಿನಲ್ಲಿ ಕೆಂಪು ಗುಂಡಿನ ಒಂದು ಹಿಡಿ,
ಮೂರು ಸ್ಪ್ರಿಂಗು, ಗುಜರಿಯಲ್ಲಿ ಸಿಕ್ಕ ಕಾಸಿನ ಬಾಯಿ.
ಮೈಯೇ ಇಲ್ಲದವಳಿಗೆ ಒಡವೆ ಕೂಡಿಟ್ಟ ಹಾಗೆ.
ಯಾದವಗಿರಿಯ ಡಾಕ್ಟರೊಬ್ಬರು ಹಡಗಿನಲ್ಲಿ ಎರಡು ತರಿಸಿದ್ದಾರೆ;
ಬೆಲೆ ಕೇಳಿ ಎರಡು ಲೋಟ ನೀರು ಕುಡಿದೆ.
ಕೆಟ್ಟಾಗ ನನ್ನನ್ನೇ ಕರೆಯುತ್ತಾರೆ.
ರಿಪೇರಿ ಆಯಿತೋ ಇಲ್ಲವೋ ನೋಡಲು ಒಂದಾಟ ಆಡಬೇಕಲ್ಲ,
ಆಡುತ್ತೇನೆ. ಅವರು ಬಾಗಿಲಲ್ಲಿ ನಿಂತು
ಗಡಿಯಾರ ನೋಡುತ್ತಾರೆ.

ಈ ಸಲ ನಲವತ್ತು ಸಾವಿರ ಅಂದೆ ಖುರ್ಷಿದಾಗೆ.
ಬ್ಯಾಂಕಿನಲ್ಲಿದ್ದದ್ದೇ ಅಷ್ಟು.
ಅವಳು ಕಡ್ಡಿ ಬಿಡಲಿಲ್ಲ ಕೈಯಿಂದ.
'ಈ ಎತ್ತರಕ್ಕೆ ನನ್ನ ಬೆನ್ನು ನೋಯೋದಿಲ್ಲ ಟೀವಿಯೋರೆ.
ಅದಿರ್ಲಿ, ತಗೊಂಡು ಹೋಗಿ ಏನ್ಮಾಡ್ತೀರಾ?'
ಆಡ್ತೀನಿ.
'ಯಾರ ಜೊತೆ?'

ಗೋಡೆಯ ಮೇಲೆ ಹಲ್ಲಿ ಲೊಚ್ಚಿತು.

ಇಬ್ಬರ ಆಟವಾದರೆ ಒಬ್ಬ ಸತ್ತೊಡನೆ
ಪರದೆ ತಲೆಕೆಳಗಾಗಿ ಎದುರಿನವರ ಕಡೆ ತಿರುಗುತ್ತದೆ.
ನಾವು ಕಾಯಬೇಕು,
ತಲೆಕೆಳಗಾದ ಹಡಗು ತಲೆಕೆಳಗಾದ ಬೆಂಕಿ ಕಾರುವುದನ್ನು ನೋಡುತ್ತ.

'ಎದುರಿಗೆ ಆಳಿಲ್ಲದಿದ್ರೆ ಅಬ್ಬಾ ನನ್ನ ಕೂರಿಸ್ತಿದ್ರು.
ಲೈಟರ್ ಹುಡುಗನ ಜೊತೆ ಎಷ್ಟು ಸಲ ಆಡಿದೀನೋ.
ನೀವು ತಲೆ ಎತ್ತಿದ್ದೇ ಇಲ್ಲ.'

ನೆನಪಿಗೆ ಕೈ ಹಾಕಿದೆ.
ಅಂಗೈ ಬೆವರು ಸಿಕ್ಕಿತು, ಕರಿದೆಣ್ಣೆಯ ವಾಸನೆ ಸಿಕ್ಕಿತು,
ಗಾಜಿನ ಆಚೆ ಅಂಚಿನಲ್ಲಿ ಹಿಡಿಯ ಮೇಲೊಂದು ಪುಟ್ಟ ಕೈ,
ಎರಡು ಗಾಜಿನ ಬಳೆ, ಅಲ್ಲಿಂದ ಮೇಲೆ
ಏನೂ ಇಲ್ಲ.

'ಕೂತ್ಕೊಳ್ಳಿ. ಬಂದಿದೀರಲ್ಲ,
ಕಡ್ಡಿ ಎಣಿಸಿಕೊಡಿ, ಕಟ್ಟಿಗೆ ಸಾವಿರ.'

ಎದುರಿನ ಸ್ಟೂಲು ಎಳೆದುಕೊಂಡೆ.
ಮೊಣಕಾಲಿಗೆ ಕಾಸಿನ ಬಾಯಿ ತಣ್ಣಗೆ ತಾಗಿತು.
ನೂರು. ನೂರಾ ಐವತ್ತು. ಇನ್ನೂರು.
ಬೆರಳು ಕಪ್ಪಾಯಿತು, ಮುನ್ನೂರು ದಾಟಿತು,
ಪಟ್ಟನೆ ಕರೆಂಟು ಹೋಯಿತು.

ಕತ್ತಲಲ್ಲಿ ಅವಳು ಮೊದಲ ಸಲ ನಕ್ಕಳು.
'ಎಷ್ಟಕ್ಕಿತ್ತು?'
ಮುನ್ನೂರ ಹನ್ನೆರಡೋ, ಇಪ್ಪತ್ತೆರಡೋ.
'ಮೊದಲಿಂದ ಎಣಿಸಿ.'